ತೂಕದ ಗಾಡಿಯ ದನಿ

ಹೊನ್ನಾಳಿ
12 ಜೂನ್ 2024

ಪ್ರೀತಿಯ ದುರ್ಗಾಂಬಿಕಾ,

ಮೊದಲ ಕಂತಿನ ದುಡ್ಡು ನಿನ್ನ ಕಂಪನಿಯ ಖಾತೆಗೆ ಬಂದಿರಬೇಕು. ನಾನೇ ಬ್ಯಾಂಕಿನಲ್ಲಿ ನಿಂತು ಕಳಿಸಿದೆ. ಮ್ಯಾನೇಜರು "ಕುರಿ ತೂಗೋ ಕಂಪನಿಗಾ ಮೇಡಂ?" ಅಂತ ಎರಡು ಸಲ ಕೇಳಿದ. ಹೌದಪ್ಪ, ಕುರಿ ತೂಗೋ ಕಂಪನಿಗೇ ಅಂದೆ.

ಲಾಭದ ಸುಳಿವೂ ಇಲ್ಲದ ಹೊಸ ಕಂಪನಿಗೆ ದುಡ್ಡು ಹಾಕಿ ಪಾಲು ತೆಗೆದುಕೊಳ್ಳುವ ನಮ್ಮಂಥವರನ್ನು ಏಂಜೆಲ್ ಅನ್ನುತ್ತಾರಂತೆ. ಅಂದರೆ ದೇವತೆ! ಇಪ್ಪತ್ತು ವರ್ಷಕ್ಕೂ ಮೇಲೆ ಹೊನ್ನಾಳಿ–ನ್ಯಾಮತಿ ರೂಟಿನಲ್ಲಿ ಬಸ್ಸು ಓಡಿಸಿದ ಮಾಲೀಕಳು ನಾನು. ನನ್ನ ಕಂಡಕ್ಟರುಗಳನ್ನು ಕೇಳಿದರೆ ಬೇರೆ ಹೆಸರು ಹೇಳಿಯಾರು. ಬಸ್ಸು ಮಾರಿ ಮನೆಯಲ್ಲಿ ಕೂತ ಮೇಲೆ ಕಾಲು ಸುಮ್ಮನಿರುವುದಿಲ್ಲ. ಅದಕ್ಕೇ ಚನ್ನಗಿರಿಯ ಅಡಿಕೆ ವ್ಯಾಪಾರಿ ಓಬಳಪ್ಪನವರು, ನ್ಯಾಮತಿಯ ಡಾಕ್ಟರ್ ಬಸವರಾಜ್ ಮತ್ತು ನಾನು ಸೇರಿ ಈ ಗುಂಪು ಕಟ್ಟಿಕೊಂಡಿದ್ದೇವೆ. ನಿನಗಿಂತ ಮುಂಚೆ ಎರಡು ಕಂಪನಿಗೆ ಹಾಕಿದ್ದೆವು. ಎರಡೂ ಮುಳುಗಿದವು. ಮುಳುಗುವ ದಿನದವರೆಗೂ ಆ ಹುಡುಗರು ಬಣ್ಣಬಣ್ಣದ ಗ್ರಾಫ್ ಕಳಿಸುತ್ತಲೇ ಇದ್ದರು.

ಆದ್ದರಿಂದ ನನಗೆ ಗ್ರಾಫ್ ಬೇಡ, ವಾಟ್ಸಾಪೂ ಬೇಡ. ತಿಂಗಳಿಗೊಂದು ಕಾಗದ ಬರಬೇಕು, ನಿನ್ನ ಕೈಬರಹದಲ್ಲಿ, ಅಂಚೆಯಲ್ಲಿ. ನಗಬೇಡ. ಸುಳ್ಳು ಬರೆಯುವ ಕಡೆ ಪೆನ್ನು ಒಂದು ಗಳಿಗೆ ನಿಲ್ಲುತ್ತದೆ. ಕಂಡಕ್ಟರುಗಳ ಟ್ರಿಪ್ ಶೀಟ್ ನೋಡಿ ನೋಡಿ ನನಗೆ ಅದು ರೂಢಿಯಾಗಿದೆ.

ಇನ್ನು ಎರಡನೇ ಕಂತು. ಅದು ಸಂಕ್ರಾಂತಿ ಕಳೆದ ಮೇಲೆ, ಮೂವರಲ್ಲಿ ಇಬ್ಬರಾದರೂ ಒಪ್ಪಿದರೆ. ಯಾರ ಕುರಿ ಎಷ್ಟಕ್ಕೆ ಹೋಯಿತು ಅನ್ನುವುದು ನಮಗೆ ಒಂದೊಂದಾಗಿ ಕಾಣಬೇಕು. ನಮಗೆ ಮಾತ್ರ ಅಲ್ಲ, ಊರಿಗೇ ಕಾಣಬೇಕು. ಗಾಡಿಗೆ ದೊಡ್ಡ ಲೈಟಿನ ಬೋರ್ಡು ಹಾಕಿಸು. ಬೋರ್ಡಿಲ್ಲದ ಬಸ್ಸನ್ನು ಯಾರು ಹತ್ತುತ್ತಾರೆ? ಟವೆಲ್ ಕೆಳಗೆ ಬೆರಳು ಹಿಡಿದು ದಲ್ಲಾಳಿಗಳು ಜನರ ತಲೆ ಬೋಳಿಸಿದ್ದು ಸಾಕು.

ಬೇಗ ಬರೆ. ಕಾಯುವುದು ನನಗೆ ಆಗಿಬರುವುದಿಲ್ಲ.

ಹೇಮಾವತಿ



ಜಗಳೂರು
3 ಜುಲೈ 2024

ಹೇಮಾವತಮ್ಮನವರಿಗೆ ದುರ್ಗಾಂಬಿಕಾಳ ನಮಸ್ಕಾರಗಳು.

ದುಡ್ಡು ಬಂತು. ಅವ್ವನಿಗೆ ಹೇಳಿದೆ. ಅವಳು ಮೊದಲು ಕೇಳಿದ್ದು "ಆಯಮ್ಮ ನಿನ್ನ ಮುಖ ನೋಡಿ ಕೊಟ್ಟಳೋ, ಕುರಿ ಮುಖ ನೋಡಿ ಕೊಟ್ಟಳೋ?" ಅಂತ.

ಗಾಡಿ ತಂದಿದ್ದೇವೆ. ಲಗೇಜ್ ಗಾಡಿಯ ಹಿಂದೆ ತಕ್ಕಡಿ ಕೂರಿಸಿ, ಕುರಿ ಹತ್ತಿ ನಿಲ್ಲುವಂತೆ ಹಲಗೆ ಹಾಕಿಸಿದೆ. ಕೊಟ್ರೇಶಣ್ಣ ಡ್ರೈವರ್. ಕುರಿಯ ಫೋಟೋ, ತೂಕ ಫೋನಿನಲ್ಲಿ ದಾವಣಗೆರೆಯ ವ್ಯಾಪಾರಿಗಳಿಗೆ ಹೋಗುತ್ತದೆ, ಅವರು ಕೂತಲ್ಲೇ ರೇಟು ಹೇಳುತ್ತಾರೆ. ಕುರಿ ಸಂತೆಗೆ ಹೋಗಬೇಕಾಗಿಲ್ಲ, ಗಾಡಿಯೇ ಹಟ್ಟಿಗೆ ಹೋಗುತ್ತದೆ.

ನಾನು ಈ ಕೆಲಸಕ್ಕೆ ಯಾಕೆ ಇಳಿದೆ ಅಂತ ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ಸಂತೆಯಲ್ಲಿ ದಲ್ಲಾಳಿ ಟವೆಲ್ ಮುಚ್ಚಿ, ಅದರೊಳಗೆ ಮಾರುವವನ ಬೆರಳು ಹಿಡಿದು ಬೆಲೆ ಹೇಳುತ್ತಾನೆ. ಸುತ್ತ ನಿಂತವರಿಗೆ ತಿಳಿಯುವುದಿಲ್ಲ. ಪರ ಗಂಡಸಿನ ಟವೆಲ್ ಕೆಳಗೆ ನಮ್ಮ ಹೆಂಗಸರು ಕೈ ಇಡುವುದು ಹೇಗೆ? ತವರಿನಿಂದ ಬಳುವಳಿಯಾಗಿ ಬಂದ ಕುರಿ, ಮರಿಯಿಂದ ಅವಳೇ ಸಾಕಿದ ಕುರಿ. ಆದರೆ ಮಾರಲು ಗಂಡನೋ ಮೈದುನನೋ ಹೋಗಬೇಕು. ಅವನು ಬಂದು ಹೇಳಿದ್ದೇ ರೇಟು. ನಮ್ಮವ್ವನ ಕುರಿಗಳೆಲ್ಲ ಹೋಗಿದ್ದು ಹಾಗೆಯೇ. ಉಳಿದಿದ್ದ ನಾಲ್ಕನ್ನು ಈಗ ಗಾಡಿಯ ಮುಂಗಡಕ್ಕೆ ಮಾರಿದ್ದಾಳೆ. ಉಳಿದದ್ದು ಫೈನಾನ್ಸಿನವರ ಸಾಲ. ನಿಮ್ಮ ಎರಡನೇ ಕಂತು ಬಾರದಿದ್ದರೆ ಗಾಡಿ ಅವರ ಪಾಲು ಅಂತ ನನಗೆ ಗೊತ್ತಿದೆ.

ಬೋರ್ಡಿನ ವಿಚಾರ. ಹೆಂಗಸರಲ್ಲಿ ಸುಮಾರು ಜನಕ್ಕೆ ಓದಲು ಬರುವುದಿಲ್ಲ. ಬೋರ್ಡು ಅಷ್ಟು ಅಗತ್ಯವೇ ಅಂತ ಒಂದು ಯೋಚನೆ. ನೀವು ಹೇಳಿದಂತೆ ಮಾಡುತ್ತೇನೆ.

ನಿಮ್ಮ
ದುರ್ಗಾಂಬಿಕಾ



ಹೊನ್ನಾಳಿ
11 ಜುಲೈ 2024

ದುರ್ಗಾ,

ಒಳ್ಳೆಯ ಮಾತು ಹೇಳಿದೆ. ಇದು ನನ್ನ ತಲೆಗೇ ಹೊಳೆದಿರಲಿಲ್ಲ. ಓದಲು ಬಾರದವರಿಗೆ ಬೋರ್ಡಿನಿಂದ ಏನು ಪ್ರಯೋಜನ? ಮೈಕು ಬೇಕು!

ನಾನೇ ಕೂಗಿ ಕಳಿಸುತ್ತಿದ್ದೇನೆ. ಸೊಸೆಯ ಫೋನಿನಲ್ಲಿ ಒಂದರಿಂದ ನೂರರವರೆಗೆ, ಆಮೇಲೆ ಸಾವಿರ, ಕಿಲೋ, ರೂಪಾಯಿ ಎಲ್ಲವನ್ನೂ ಬಿಡಿಬಿಡಿಯಾಗಿ ಹೇಳಿ ರೆಕಾರ್ಡ್ ಮಾಡಿದ್ದೇನೆ. ನಿನ್ನ ಕಂಪ್ಯೂಟರಿನವರು ಜೋಡಿಸಿಕೊಳ್ಳಲಿ. ಸ್ಟ್ಯಾಂಡಿನ ಮೈಕು ಕೆಟ್ಟ ದಿನ ಬಾಯಲ್ಲೇ ಕೂಗಿ ಬಸ್ಸು ತುಂಬಿಸಿದವಳು ನಾನು. ಅಡುಗೆಮನೆ ಬಾಗಿಲು ಹಾಕಿಕೊಂಡು ಕೂಗುತ್ತಿದ್ದರೆ ಮಗ ಗಾಬರಿಯಾಗಿ ಓಡಿ ಬಂದ.

ಮಾರಾಟ ಶುರುವಾಯಿತಾ? ಅಷ್ಟು ಮಾತ್ರ ಬರೆ.

ಹೇಮಾವತಿ



ಜಗಳೂರು
20 ಆಗಸ್ಟ್ 2024

ಹೇಮಾವತಮ್ಮನವರಿಗೆ ನಮಸ್ಕಾರಗಳು.

ಶುರುವಾಯಿತು! ಬಿಳಿಚೋಡಿನ ಹತ್ತಿರದ ಹಟ್ಟಿಯಲ್ಲಿ ಲಕ್ಷ್ಮಕ್ಕ ಅಂತ ಇದ್ದಾಳೆ. ಗಂಡ ತೀರಿಕೊಂಡಿದ್ದಾನೆ, ಮೈದುನ ತಿಪ್ಪೇಶಪ್ಪನ ಮನೆಯಲ್ಲೇ ಇರುವುದು. ಮಗಳು ಅಕ್ಷಿತಾ ಪಿಯುಸಿ ಮುಗಿಸಿ ನರ್ಸಿಂಗ್ ಸೇರಬೇಕು ಅಂತಿದ್ದಾಳೆ. ಅದಕ್ಕಾಗಿ ಲಕ್ಷ್ಮಕ್ಕ ತನ್ನ ಮೂರು ಟಗರು ಕೊಟ್ಟಳು. ಸಂತೆಯಲ್ಲಿ ಕೇಳಿದ್ದಕ್ಕಿಂತ ಎಷ್ಟೋ ಹೆಚ್ಚು ಸಿಕ್ಕಿತು. ಮೂರಕ್ಕೂ ಸೇರಿ ಮೂವತ್ತಾರು ಸಾವಿರದ ಇನ್ನೂರು.

ನಿಮ್ಮ ದನಿ ಇಡೀ ಹಟ್ಟಿಗೆ ಕೇಳಿಸಿತು. ಕಟ್ಟೆಯ ಮೇಲೆ ಕೂತಿದ್ದವರೆಲ್ಲ ಎದ್ದು ಬಂದರು. ಕೊಟ್ರೇಶಣ್ಣ "ಈಯಮ್ಮ ಕೂಗಿದ್ರೆ ಕುರಿಗಳೂ ಸಾಲಾಗಿ ನಿಂತ್ಕಂತಾವೆ ನೋಡ್ರಿ" ಅಂದ.

ಲಕ್ಷ್ಮಕ್ಕ ಮಾತ್ರ ಏನೂ ಮಾತಾಡಲಿಲ್ಲ. ಸೆರಗು ಹೊದ್ದು ದುಡ್ಡು ಇಸಿದುಕೊಂಡು ಬಿರಬಿರನೆ ಒಳಗೆ ಹೋದಳು. ಅಷ್ಟು ದುಡ್ಡನ್ನು ಅವಳು ಕೈಯಲ್ಲಿ ಹಿಡಿದದ್ದು ಅದೇ ಮೊದಲಂತೆ. ಸಂತೋಷಕ್ಕೆ ಮಾತು ಬರಲಿಲ್ಲವೇನೋ.

ದುರ್ಗಾಂಬಿಕಾ



ಹೊನ್ನಾಳಿ
1 ಸೆಪ್ಟೆಂಬರ್ 2024

ನನ್ನ ಬಂಗಾರ ದುರ್ಗಾ,

ನಿನ್ನ ಕಾಗದವನ್ನು ಮಗ ಊಟದ ಹೊತ್ತಿನಲ್ಲಿ ಎಲ್ಲರಿಗೂ ಓದಿ ಹೇಳಿದ. ನಮ್ಮ ಮನೆಯಲ್ಲಿ ಕಾಗದ ಬಂದರೆ ಹಾಗೇ, ಯಾರ ಹೆಸರಿಗೆ ಬಂದರೂ ಎಲ್ಲರದ್ದು. ಲಕ್ಷ್ಮಕ್ಕನ ಕಥೆ ಕೇಳಿ ಸೊಸೆ ಕಣ್ಣೊರೆಸಿಕೊಂಡಳು. ಓಬಳಪ್ಪನವರಿಗೆ ಫೋನಿನಲ್ಲಿ ಓದಿದೆ. "ಪರವಾಗಿಲ್ಲ ಕಣಮ್ಮ, ನಿನ್ನ ಹುಡುಗಿ ಗಟ್ಟಿ ಐತೆ" ಅಂದರು. ಆ ಮನುಷ್ಯ ತನ್ನ ಮಗನಿಗೂ ಆ ಮಾತು ಹೇಳಿದವರಲ್ಲ.

ಈಗ ನಿಲ್ಲಬಾರದು. ಇನ್ನೊಂದು ಗಾಡಿ ಯಾವಾಗ? ನ್ಯಾಮತಿ ಕಡೆಗೂ ತರೋಣವೇ? ದನಿ ಇನ್ನೂ ಸ್ವಲ್ಪ ಜೋರಾಗಿ ಇಡು. ಹಟ್ಟಿಯ ಆಚೆಗೂ ಕೇಳಲಿ.

ಲಕ್ಷ್ಮಕ್ಕನ ಮಗಳು ಕಾಲೇಜು ಸೇರಿದ ಮೇಲೆ ಅವಳದ್ದೊಂದು ಫೋಟೋ ಕಳಿಸು. ಗುಂಪಿನವರಿಗೆ ತೋರಿಸುತ್ತೇನೆ.

ಹೇಮಾವತಿ



ಜಗಳೂರು
30 ಅಕ್ಟೋಬರ್ 2024

ಹೇಮಾವತಮ್ಮನವರಿಗೆ ನಮಸ್ಕಾರಗಳು.

ಕಾಗದ ತಡವಾಯಿತು, ಕ್ಷಮಿಸಬೇಕು. ಇಲ್ಲಿ ಎಲ್ಲ ಚೆನ್ನಾಗಿದೆ. ಮೆಕ್ಕೆಜೋಳ ಮುರಿಯುವ ಕಾಲ, ಜನಕ್ಕೆ ಪುರುಸೊತ್ತಿಲ್ಲ. ಈ ಸಲ ಮಳೆ ಹದವಾಗಿ ಬಂತು. ಶೇಂಗಾ ಕೂಡ ಪರವಾಗಿಲ್ಲ. ಗಾಡಿ ಸ್ವಲ್ಪ ದಿನ ಸರ್ವೀಸಿಗೆ ಹೋಗಿತ್ತು. ಕೊಟ್ರೇಶಣ್ಣ ಆರೋಗ್ಯವಾಗಿದ್ದಾನೆ.

ನೀವು ಕೇಳಿದ ಫೋಟೋ ಮುಂದೆ ಕಳಿಸುತ್ತೇನೆ.

ದುರ್ಗಾಂಬಿಕಾ



ಹೊನ್ನಾಳಿ
6 ನವೆಂಬರ್ 2024

ದುರ್ಗಾಂಬಿಕಾ,

ಶೇಂಗಾ ಪರವಾಗಿಲ್ಲ ಅಂತ ತಿಳಿದು ಬಹಳ ಸಂತೋಷ. ನಾನು ದುಡ್ಡು ಹಾಕಿದ್ದು ಶೇಂಗಾಕ್ಕಲ್ಲ.

ಎರಡು ತಿಂಗಳ ಮೇಲೆ ಬಂದ ಕಾಗದದಲ್ಲಿ ಒಂದು ಕುರಿಯ ಹೆಸರಿಲ್ಲ, ಒಂದು ಬೆಲೆ ಇಲ್ಲ. "ಎಲ್ಲ ಚೆನ್ನಾಗಿದೆ" ಅನ್ನುವ ಕಡೆ ಶಾಯಿ ಗುಡ್ಡೆ ಕಟ್ಟಿದೆ, ಪೆನ್ನು ಅಲ್ಲಿ ಎಷ್ಟು ಹೊತ್ತು ನಿಂತಿತ್ತು? ಏನು ನಡೆಯುತ್ತಿದೆ ಅಲ್ಲಿ? ಮನೆಯಲ್ಲಿ ಗಂಡು ನೋಡುತ್ತಿದ್ದಾರಾ? ಹಾಗಿದ್ದರೆ ಹೇಳಿಬಿಡು. ಮದುವೆಗೆ ನಾನು ಅಡ್ಡ ಬರುವುದಿಲ್ಲ, ಬಂದು ಉಂಡು ಹೋಗುತ್ತೇನೆ. ಆದರೆ ಗಾಡಿಯನ್ನು ಬಾಗಿಲಲ್ಲಿ ನಿಲ್ಲಿಸಿಕೊಂಡು ನನಗೆ ಮಳೆ ಬೆಳೆ ಕಥೆ ಹೇಳಬೇಡ. ನಿಂತ ಬಸ್ಸಿನ ಸಂಕಟ ಏನು ಅಂತ ನಿನಗಿಂತ ಚೆನ್ನಾಗಿ ನನಗೆ ಗೊತ್ತು.

ಹೇಮಾವತಿ



ಹೊನ್ನಾಳಿ
9 ಡಿಸೆಂಬರ್ 2024

ದುರ್ಗಾ,

ಉತ್ತರ ಯಾಕಿಲ್ಲ? ಅಂಚೆಯವನು ನಮ್ಮ ಗೇಟಿನ ಮುಂದೆ ಈಗ ಸೈಕಲ್ ಬೆಲ್ಲನ್ನೂ ಹೊಡೆಯುವುದಿಲ್ಲ, ನಾನು ಹಿಡಿದು ನಿಲ್ಲಿಸುತ್ತೇನೆ ಅಂತ. ಫೋನ್ ಮಾಡಲು ಮೂರು ಸಲ ನಂಬರ್ ಒತ್ತಿ ಬಿಟ್ಟಿದ್ದೇನೆ. ಕಾಗದವೇ ಬೇಕು ಅಂತ ಹೇಳಿದವಳು ನಾನೇ, ನನ್ನ ಹಟಕ್ಕೆ ನಾನೇ ಸಿಕ್ಕಿಹಾಕಿಕೊಂಡಿದ್ದೇನೆ.

ಹೇಮಾವತಿ



ಹೊನ್ನಾಳಿ
3 ಜನವರಿ 2025

ದುರ್ಗಾ,

ಮೊನ್ನೆ ನಾನು ಬಿಳಿಚೋಡಿಗೆ ಬಂದಿದ್ದೆ. ನಿನಗೆ ಹೇಳಲಿಲ್ಲ. ಚೆಕಿಂಗ್ ಇನ್ಸ್‌ಪೆಕ್ಟರ್ ಹೇಳಿ ಬರುತ್ತಾನಾ?

ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಅಲ್ಲಿ ಇಳಿದಾಗ ಬಿಸಿಲು ಏರಿತ್ತು. ಚಹಾದಂಗಡಿಯ ಬೆಂಚಿನ ಮೇಲೆ ಒಬ್ಬ ಹೆಂಗಸು ಕೂತಿದ್ದಳು. ಪಕ್ಕದಲ್ಲಿ ಕೂತು "ಎರಡು ಚಹಾ ಕೊಡಪ್ಪ, ಸಕ್ಕರೆ ಕಮ್ಮಿ" ಅಂದೆ. ಅಷ್ಟೇ ನಾನು ಆಡಿದ ಮಾತು. ಆ ಹೆಂಗಸು ತಟಕ್ಕನೆ ನನ್ನ ಕಡೆ ತಿರುಗಿದಳು.

"ಆ ಗಾಡಿಯಾಗೆ ಕೂಗೋ ಹೆಂಗಸು ನೀವೇ ಅಲ್ವೇನ್ರಿ?"

ಹೆಮ್ಮೆಯಿಂದ ಹೌದಮ್ಮ ಅಂದೆ. ನೋಡು, ಹೆಮ್ಮೆಯಿಂದ ಅಂದೆ.

"ಮೂವತ್ತಾರು ಸಾವಿರದ ಇನ್ನೂರು ಅಂತ ಕೂಗಿದ್ರಿ. ಸಂಜೀಕೆ ನನ್ನ ಮೈದುನ ಬಂದು ಕೈ ಚಾಚಿದ. ಬೋರಿನ ಮೋಟ್ರು ಸುಟ್ಟೈತೆ, ಕೊಡು ಅಂದ. ಇಲ್ಲ ಅನ್ನಾಕೆ ಬರ್ತೈತಾ? ಊರಿಗೆಲ್ಲಾ ಗೊತ್ತೈತೆ. ಮಾರನೇ ದಿನ ಅವನ ಹೆಂಡ್ತಿ ಅಣ್ಣ ಬಂದ. ವಾರದಾಗೆ ಕೈ ಖಾಲಿ. ನನ್ನ ಮಗಳು ಮನ್ಯಾಗೆ ಕೂತವ್ಳೆ."

ನಾನು ಬಾಯಿ ತೆರೆದೆ. ಅವಳು ಕೈ ಅಡ್ಡ ಹಿಡಿದಳು.

"ಮೊದ್ಲು ಸಂತೇಲಿ ಅವ್ನು ಮಾರ್ತಿದ್ದ, ಅರ್ಧ ಮುಚ್ಚಿಡ್ತಿದ್ದ. ಈ ಸಲ ನಾನು ಮುಚ್ಚಿಡಾನ ಅಂದ್ಕಂಡಿದ್ದೆ. ನೀವು ಬಿಡಲಿಲ್ಲ."

ದುರ್ಗಾ, ನಾನು ಬಾಯಿಬಡಕಿ. ಆರ್‌ಟಿಒ ಸಾಹೇಬರ ಮುಂದೆಯೂ ಮಾತು ನಿಲ್ಲಿಸಿದವಳಲ್ಲ. ಆವತ್ತು ಬಾಯೇ ಬರಲಿಲ್ಲ. ನಾನು ಏನು ಹೇಳಿದ್ದರೂ ಅದೇ ದನಿಯಲ್ಲಿ ಹೇಳಬೇಕಾಗಿತ್ತಲ್ಲ. ಚಹಾ ಆರುವವರೆಗೆ ಅವಳ ಪಕ್ಕ ಸುಮ್ಮನೆ ಕೂತಿದ್ದೆ. ಅವಳು ಎದ್ದು ಹೋದಳು. ಹೆಸರು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ.

ಜಗಳೂರಿಗೆ ಬಂದು ನಿನ್ನನ್ನು ನೋಡಬೇಕಾಗಿತ್ತು. ಬರಲು ಮುಖ ಇರಲಿಲ್ಲ, ಎದುರು ಬಂದ ಬಸ್ಸು ಹತ್ತಿ ವಾಪಸು ಬಂದೆ. ದಾರಿಯುದ್ದಕ್ಕೂ ನಿನ್ನ ಮೇಲೆ ಸಿಟ್ಟು ಬರುತ್ತಿತ್ತು. ಇದು ನಿನಗೆ ಗೊತ್ತಿತ್ತು. ಗೊತ್ತಿದ್ದೂ ನನಗೆ ಶೇಂಗಾ ಪರವಾಗಿಲ್ಲ ಅಂತ ಬರೆದೆ. ಯಾಕೆ?

ಹೇಮಾವತಿ



ಜಗಳೂರು
12 ಜನವರಿ 2025

ಅಮ್ಮ,

ಹೆದರಿಕೆಗೆ. ಬೇರೆ ಕಾರಣ ಇಲ್ಲ.

ಬೋರ್ಡು, ಮೈಕು ನಿಮ್ಮ ಷರತ್ತಾಗಿತ್ತು. ಅದರಿಂದಲೇ ಕೆಟ್ಟಿತು ಅಂದರೆ ನೀವು ಬೇಸರ ಮಾಡಿಕೊಳ್ಳುತ್ತೀರಿ, ಎರಡನೇ ಕಂತು ನಿಲ್ಲುತ್ತದೆ, ಅವ್ವ ಕುರಿ ಮಾರಿ ತಂದ ಗಾಡಿ ಹೋಗುತ್ತದೆ ಅಂತ ಹೆದರಿದೆ. ಫೋಟೋ ಕೇಳಿದಿರಲ್ಲ, ಆ ಕಾಗದ ಕೈಯಲ್ಲಿ ಹಿಡಿದು ಬಹಳ ಅತ್ತೆ. ಯಾವ ಫೋಟೋ ಕಳಿಸಲಿ? ಟವೆಲ್ ಅಂದರೆ ಬರೀ ಮೋಸ ಅಂತ ನಾನೂ ತಿಳಿದಿದ್ದೆ. ಅದು ಮಾರುವವನಿಗೂ ಮರೆ ಅನ್ನುವುದನ್ನು ನಾನು ಹಟ್ಟಿಯಲ್ಲೇ ಹುಟ್ಟಿ ಬೆಳೆದೂ ಯೋಚಿಸಿರಲಿಲ್ಲ. ಆ ಮರೆ ನಮ್ಮ ಹೆಂಗಸರಿಗೆ ಯಾವತ್ತೂ ಇರಲಿಲ್ಲ, ನಾನು ಬೆಳಕು ಬೇರೆ ಹಾಕಿದೆ. ಲಕ್ಷ್ಮಕ್ಕನದು ಆದ ಮೇಲೆ ಒಬ್ಬಳೂ ಗಾಡಿಯ ಹತ್ತಿರ ಬರಲಿಲ್ಲ. ಸರ್ವೀಸಿಗೆ ಹೋಗಿತ್ತು ಅಂತ ಬರೆದೆನಲ್ಲ, ಗಾಡಿ ನಮ್ಮ ಬಾಗಿಲಲ್ಲೇ ಇತ್ತು.

ನವೆಂಬರಿನಲ್ಲೇ ಮೈಕು ಕಿತ್ತು ಹಾಕಿಸಿದೆ. ಬೋರ್ಡನ್ನು ಕೀಳಲು ಕೈ ಬರಲಿಲ್ಲ.

ನೀವು ಬಂದು ಹೋದ ಮೂರನೇ ದಿನ ಲಕ್ಷ್ಮಕ್ಕ ತಾನಾಗಿ ಬಂದಳು, ತನ್ನ ಕೊನೆಯ ಕುರಿ ಹೊಡೆದುಕೊಂಡು. ನನ್ನ ಜೊತೆ ಅವಳು ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. "ಗಾಡಿಯಾಗೆ ಕೂಗೋ ನಿಮ್ಮಮ್ಮಂಗೆ ಬಾಯಿ ಮುಚ್ಚಾಕೂ ಬರ್ತೈತೆ. ಕಣ್ಣಾರೆ ನೋಡಿದೆ," ಅಂದಳು. "ನೀನೂ ಕಲಿ. ಮೊದ್ಲು ಆ ದೀಪ ಆರಿಸು."

ಆರಿಸಿದೆ. ಕುರಿ ತೂಗಿದೆ. ಬೆಲೆ ಬಂತು. ಹೇಗೆ ಹೇಳಲಿ? ಅವಳ ಫೋನು ಮೈದುನನ ಮಗನ ಕೈಯಲ್ಲಿರುತ್ತದೆ. ಹತ್ತಿರ ನಿಂತವರು ಕಿವಿ ನಿಮಿರಿಸಿದ್ದರು. ನನ್ನ ಸೆರಗು ಚಾಚಿದೆ. ಅವಳು ನನ್ನ ಮುಖ ಒಮ್ಮೆ ನೋಡಿ ಅದರ ಕೆಳಗೆ ಕೈ ಇಟ್ಟಳು. ದಲ್ಲಾಳಿಗಳ ಲೆಕ್ಕ ನಮಗಿಬ್ಬರಿಗೂ ಪೂರ್ತಿ ಗೊತ್ತಿಲ್ಲ. ಬೆರಳು ಹಿಡಿದರೆ ಸಾವಿರ, ಗೆಣ್ಣು ಒತ್ತಿದರೆ ನೂರು ಅಂತ ಅಲ್ಲೇ ಮಾಡಿಕೊಂಡೆವು. ಅವಳ ಅಂಗೈ ಬೆವರಿತ್ತು. ಮುಖದಲ್ಲಿ ಮಾತ್ರ ಏನೂ ತೋರಿಸಲಿಲ್ಲ. "ಏನ್ ಬಂತು ಲಕ್ಷ್ಮಕ್ಕ?" ಅಂತ ಯಾರೋ ಕೂಗಿದರು. "ಏನೋ ಬಂತು ಬಿಡ್ರಿ" ಅಂದಳು. ಹಾಗಂದು ನಕ್ಕಳು ಅಮ್ಮ. ಅವಳು ನಕ್ಕದ್ದನ್ನು ನಾನು ನೋಡಿದ್ದು ಅವತ್ತೇ.

ಆಮೇಲೆ ನಾನು ಯಾರನ್ನೂ ಕರೆಯಬೇಕಾಗಲಿಲ್ಲ. ಬೇರೆ ಹಟ್ಟಿಯ ಹೆಂಗಸರು ಕೊಟ್ರೇಶಣ್ಣನಿಗೆ ಹೇಳಿ ಕಳಿಸುತ್ತಿದ್ದಾರೆ. ಈಗ ನಾನು ದಿನಾ ಸೀರೆಯಲ್ಲೇ ಕೆಲಸಕ್ಕೆ ಹೋಗುತ್ತೇನೆ.

ಆದರೆ ಇದನ್ನು ಬರೆಯದೆ ಉಪಾಯವಿಲ್ಲ. ಯಾರ ಕುರಿ ಎಷ್ಟಕ್ಕೆ ಹೋಯಿತು ಅಂತ ಯಾರಿಗೂ ಹೇಳುವುದಿಲ್ಲ ಅಂತ ಅವರಿಗೆ ಮಾತು ಕೊಟ್ಟಿದ್ದೇನೆ. ನಿಮಗೂ ಹೇಳುವುದಿಲ್ಲ. ತಿಂಗಳ ಒಟ್ಟು ಲೆಕ್ಕ ಕೊಡುತ್ತೇನೆ, ತೆರಿಗೆಯ ಲೆಕ್ಕ ಸರಿಯಾಗಿ ಇಡುತ್ತೇನೆ. ನಿಮಗೆ ಬಂದ ಕಾಗದವನ್ನು ನಿಮ್ಮ ಮಗ ಊಟದ ಹೊತ್ತಿಗೆ ಎಲ್ಲರಿಗೂ ಓದುತ್ತಾರೆ ಅಂತ ಬರೆದಿದ್ದಿರಿ. ಲಕ್ಷ್ಮಕ್ಕನ ದುಡ್ಡು ಇನ್ನೊಂದು ಮನೆಯ ಊಟದಲ್ಲಿ ಬರುವುದು ಬೇಡ. ಇದು ನಿಮ್ಮ ಷರತ್ತನ್ನು ಮುರಿಯುತ್ತದೆ. ಎರಡನೇ ಕಂತು ಬಾರದಿದ್ದರೆ ಈ ತಿಂಗಳ ಕೊನೆಗೆ ಫೈನಾನ್ಸಿನವರು ಬರುತ್ತಾರೆ. ಬರಲಿ. ಮಾತು ಮುರಿಯಲು ನನ್ನಿಂದ ಆಗುವುದಿಲ್ಲ.

ಈ ಕಾಗದದಲ್ಲಿ ಪೆನ್ನು ಎಲ್ಲೂ ನಿಂತಿಲ್ಲ, ನೋಡಿ.

ದುರ್ಗಾ



ಹೊನ್ನಾಳಿ
21 ಜನವರಿ 2025

ದುರ್ಗಾ,

ನೋಡಿದೆ. ಎಲ್ಲೂ ನಿಂತಿಲ್ಲ.

ಭಾನುವಾರ ನ್ಯಾಮತಿಯಲ್ಲಿ ಡಾಕ್ಟರ ಮನೆಯಲ್ಲಿ ಸೇರಿದ್ದೆವು. ನಿನ್ನ ಪರವಾಗಿ ನಾನು ಗಂಟಲು ಹರಿಯುವಷ್ಟು ಮಾತಾಡಿದೆ. ಓಬಳಪ್ಪನವರು ಮಂಡಕ್ಕಿ ತಿನ್ನುತ್ತಾ ಎಲ್ಲ ಕೇಳಿ, "ಬೆಲೆ ಕಾಣದ ವ್ಯಾಪಾರಕ್ಕೆ ದುಡ್ಡು ಹಾಕಾಕೆ ನನಗೇನು ತಲೆ ಕೆಟ್ಟೈತಾ ಹೇಮಾವತಮ್ಮ?" ಅಂದರು. ಡಾಕ್ಟರು ಓಬಳಪ್ಪನವರ ಮುಖ ನೋಡಿ ತಲೆಯಾಡಿಸಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಆರು ತಿಂಗಳ ಹಿಂದೆ ನಾನೂ ಅದೇ ಮಾತು ಆಡುತ್ತಿದ್ದೆ, ಇನ್ನೂ ಜೋರಾಗಿ. ಗುಂಪಿನಿಂದ ಎರಡನೇ ಕಂತು ಬರುವುದಿಲ್ಲ.

ಅಲ್ಲಿಂದ ಎದ್ದು ಬಸ್ ಸ್ಟ್ಯಾಂಡಿಗೆ ನಡೆಯುತ್ತಾ ನ್ಯಾಮತಿಯ ಪೋಸ್ಟಾಫೀಸಿನ ಮುಂದೆ ಕಾಲು ತಾನಾಗಿ ನಿಂತಿತು. ಈಗ ಹೇಳುವುದನ್ನು ಯಾರಿಗೂ ಹೇಳಿಲ್ಲ. ಅಲ್ಲಿ ನನ್ನದೊಂದು ಖಾತೆ ಇದೆ. ಮೊದಲನೇ ಬಸ್ಸು ತಂದ ವರ್ಷ ಮಾಡಿಸಿದ್ದು. ಯಜಮಾನರಿಗೆ ಕೊನೆಯವರೆಗೂ ಗೊತ್ತಾಗಲಿಲ್ಲ. ಮಕ್ಕಳಿಗೆ ಈಗಲೂ ಗೊತ್ತಿಲ್ಲ. ಊರು ಬಿಟ್ಟು ಊರಿನಲ್ಲಿ ಯಾಕೆ ಮಾಡಿಸಿದೆ? ಮನೆಗೆ ತಿಳಿಯದಿರಲಿ ಅಂತ. ಕಷ್ಟದ ದಿನಗಳಲ್ಲಿ ನನ್ನ ಬೆನ್ನನ್ನು ನೆಟ್ಟಗೆ ಇಟ್ಟದ್ದು ಆ ಖಾತೆ. ಬೋರ್ಡು ಬೋರ್ಡು ಅಂತ ನಿನಗೆ ಬಡಿದುಕೊಳ್ಳುವಾಗಲೂ ಅದು ಅಲ್ಲಿತ್ತು ನೋಡು, ನಾನು ಒಂದು ಸಲವೂ ನೆನೆಯಲಿಲ್ಲ.

ಎರಡನೇ ಕಂತು ನಾನೊಬ್ಬಳೇ ಹಾಕುತ್ತೇನೆ, ಆ ಖಾತೆಯಿಂದ. ಪಾಲು ಹೆಚ್ಚು ಕೇಳುವುದಿಲ್ಲ. ಬೋರ್ಡನ್ನು ಕಿತ್ತು ಮಾರಿಬಿಡು, ಯಾವುದಾದರೂ ಬಸ್ಸಿನವರು ಕೊಂಡಾರು.

ಇದಕ್ಕೆ ಉತ್ತರ ಬರೆಯಬೇಡ. ಬರೆದರೆ ಮಗ ಊಟದ ಹೊತ್ತಿಗೆ ಓದುತ್ತಾನೆ. ಶುಕ್ರವಾರ ನ್ಯಾಮತಿ ಬಸ್ ಸ್ಟ್ಯಾಂಡಿಗೆ ಬಾ. ಎಷ್ಟು ಅಂತ ನಾನು ಇಲ್ಲಿ ಬರೆಯುವುದಿಲ್ಲ, ಅಲ್ಲಿ ಬಾಯಲ್ಲೂ ಹೇಳುವುದಿಲ್ಲ. ಸ್ಟ್ಯಾಂಡಿನಲ್ಲಿ ನನ್ನ ಹಳೆಯ ಕಂಡಕ್ಟರುಗಳೆಲ್ಲ ಇರುತ್ತಾರೆ, ನನ್ನ ದನಿ ಅವರಿಗೆ ಎಷ್ಟು ದೂರಕ್ಕೂ ಕೇಳುತ್ತದೆ. ನಿಮ್ಮ ಲೆಕ್ಕದಲ್ಲಿ ಬೆರಳಿಗೆ ಸಾವಿರ ಅಂದೆಯಲ್ಲ, ಶುಕ್ರವಾರ ಒಂದು ದಿನ ಬೆರಳಿಗೆ ಲಕ್ಷ ಅಂತ ತಿಳಿದುಕೋ. ಕಿರುಬೆರಳನ್ನು ಮಾತ್ರ ಬೇರೆಯಾಗಿ ಒತ್ತುತ್ತೇನೆ. ಅದು ಕಂಪನಿಯದ್ದಲ್ಲ, ಅಕ್ಷಿತಾಳ ಓದಿನದು. ಲಕ್ಷ್ಮಕ್ಕನಿಗೆ ಹೇಗೆ ಮುಟ್ಟಿಸುತ್ತೀಯೋ ನಿನಗೆ ಬಿಟ್ಟಿದ್ದು. ನನ್ನ ಹೆಸರು ಎತ್ತಬೇಡ.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತುಕೋ, ದಾರಿ ಉದ್ದ. ಸೀರೆಯೇ ಉಟ್ಟು ಬಾ ಅಂತೇನಿಲ್ಲ. ಸೆರಗು ನನ್ನದಿರುತ್ತದೆ, ನೀನು ಕೈ ತಂದರೆ ಸಾಕು.

ಹೇಮಾವತಿ